ಮಗ್ಗಕ್ಕ ಕಟ್ಟಿದ ವಾಚು

ಇಳಕಲ್ಲ
೧೨ ಆಗಸ್ಟ್ ೨೦೨೫

ಚಿರಂಜೀವಿ ಶೈಲಾಗ ನಿನ್ನ ಹುಲ್ಲಪ್ಪ ಕಾಕಾನ ಆಶೀರ್ವಾದ.

ಹುನಗುಂದದಿಂದ ಐಹೊಳಿತನಕಾ ಓಡಿ ಮೋಟಾರಸೈಕಲ್ಲನ್ನ ಹಿಂದ ಹಾಕಿದ ಗಂಡು ಈ ಜಿಲ್ಲಾದಾಗ ನಾ ಒಬ್ಬನ. ಅಂಥಾವನ ಕೈಗೆ, ಎಷ್ಟು ನಡದಿ ಅಂತ ಹೇಳೋ ವಾಚು ಕಟ್ಟಿದರ ನಗಿ ಬರದ ಇರತದೇನು?

ಕಾರ್ಖಾನಿ ಮಂದಿಯ ಆರೋಗ್ಯ ನೋಡಿಕೊಳ್ಳೋ ನೌಕರಿಗೆ ಬಂದಾಕಿ ನೀ, ಆ ವಾಚು ಹಂಚಿದ ದಿವಸ ಎಲ್ಲಾರನೂ ಕೂಡಿಸಿ ತಿಳಿಸಿ ಹೇಳಿದ್ದಿ. ನಡಿಗಿ, ನಿದ್ದಿ, ಎದಿ ಬಡಿತ ಎಲ್ಲಾ ನಿನ್ನ ಕಂಪ್ಯೂಟರಿಗೆ ಬರತಾವ, ಯಾರಿಗರ ತ್ರಾಸ ಇದ್ದರ ಮೊದಲ ಗೊತ್ತಾಗತದ ಅಂದಿದ್ದಿ. ಮಾಲಕರು ಅದರ ಮ್ಯಾಲೆ, ಹೆಚ್ಚು ನಡದವರಿಗೆ ಸೈಕಲ್ ಬಹುಮಾನ ಅಂದರು.

ನಾ ವಾಚು ಬಿಚ್ಚಿ ಪವರ್‌ಲೂಮಿನ ಹಿಂದ ಮುಂದ ಆಡೋ ತೋಳಿಗೆ ಕಟ್ಟಿದೆ. ಸಂಜೀಕ ನೋಡಿದರ ಬಾದಾಮಿ ಮುಟ್ಟಿ ಹೊಳ್ಳಿ ಬಂದಷ್ಟು ನಡದಿದ್ದೆ. ಮಂದಿ ಹೊಟ್ಟಿ ಹಿಡಕೊಂಡು ನಕ್ಕರು. ವಾರದಾಗ ಎಲ್ಲಾ ಮಗ್ಗಕ್ಕೂ ವಾಚು ಬಂದವು. ನನ್ನ ಬಾಜೂ ಮಗ್ಗದ ಖಲೀಲ ಒಬ್ಬ ಒಲ್ಲೆ ಅಂದ. "ಶೈಲಾ ಇಷ್ಟು ಕಾಳಜಿಲೆ ತಂದಾಳ, ಕಾಕಾ" ಅಂದ. ನಾನ ಅವನ ಕೈಯಿಂದ ಬಿಚ್ಚಿಕೊಂಡೆ. "ಲೇ ಖಲೀಲ, ನಿನ್ನ ಬದಲಿ ಮಗ್ಗ ನಡೀತದ, ನೀ ಚಾ ಕುಡಿ" ಅಂದೆ.

ಎದಿ ಬಡಿತ ಯಾಕ ಬರವಲ್ಲದು ಅಂತ ನೀ ಕೇಳಿದಾಗ, ಕೈ ಬೆವರತಾವವ್ವಾ, ಅದಕ್ಕ ಇರಬೇಕು ಅಂತ ಸುಳ್ಳು ಹೇಳಿದವನೂ ನಾನ. ನೀ ನಂಬಿದಿ. ಕಾಕಾ ಅಲ್ಲೇನು.

ಖಲೀಲ ಎದಿ ಹಿಡಕೊಂಡು ಮಗ್ಗದ ಬುಡಕ್ಕ ಬಿದ್ದಾಗ, ನಿನ್ನ ಕಂಪ್ಯೂಟರಿನಾಗ ಅವ ಇನ್ನೂ ಜೋರ ನಡಕೋತ ಹೊಂಟಿದ್ದ. ಇದು ಒಂದ ದಿನದ್ದಲ್ಲ, ಮೊದಲ ತಿಳಿದಿದ್ದರ ಇಷ್ಟಕ್ಕ ಬರತಿರಲಿಲ್ಲ ಅಂತ ಬಾಗಲಕೋಟಿ ದವಾಖಾನಿ ಡಾಕ್ಟರು ಅಂದರು. ಜೀವ ಉಳೀತು. ಆದರ ಮಗ್ಗದ ಮುಂದ ಅವ ಇನ್ನ ನಿಲ್ಲಂಗಿಲ್ಲ. ನಿನ್ನ ಕೆಲಸನ ಖೊಟ್ಟಿ ಅಂತ ಮಾಲಕರು ನಿನ್ನ ಮನಿಗೆ ಕಳಿಸಿದರು. ನೀ ಚೀಲ ಹಿಡಕೊಂಡು ಬಾದಾಮಿ ಬಸ್ಸು ಹತ್ತುವಾಗ ನಾ ಅಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ನಿನ್ನೆ ಮಾಲಕರ ಮುಂದ ಎಲ್ಲಾ ಹೇಳಿದೆ. ಅವರು, ಶೈಲಾನ್ನ ಕರಸು, ನೀ ಮಾತ್ರ ಇನ್ನ ಬರಬ್ಯಾಡ ಅಂದರು. ಅದು ಸರಿನ ಅದ. ನನಗ ಬಂದ ಬಹುಮಾನದ ಸೈಕಲ್ಲು ಖಲೀಲನ ಹೆಂಡತಿ ಮಾಬುಬಿಗೆ ಕೊಡಾಕ ಹೋದೆ. ಅಕಿ ಮುಟ್ಟಲಿಲ್ಲ.

"ಇದನ್ನ ಯಾರು ತುಳೀಬೇಕ್ರಿ?" ಅಂದಳು.

ನೀ ಹೊಳ್ಳಿ ಬಾ, ಅವ್ವಾ. ವಾಚು ಮತ್ತ ಮಂದಿ ಕೈಗೆ ಕಟ್ಟು.

ಓಡಿದ್ದೂ ಇಲ್ಲ, ನಡದಿದ್ದೂ ಇಲ್ಲದ,
ನಿನ್ನ ಕಾಕಾ
ಹುಲ್ಲಪ್ಪ

ತಾ.ಕ.: ಸೈಕಲ್ಲಿನ ಆಸೆಗೆ ಮಗ್ಗಕ್ಕ ಕಟ್ಟಿದೆ ಅಂತ ಮಾಲಕರಿಗೆ ಹೇಳೇನಿ. ಖರೆ ಅದಲ್ಲ. ಮೊದಲನೇ ದಿನ ನನ್ನ ವಾಚಿನಾಗ ಎದಿ ಬಡಿತಕ್ಕ ಕೆಂಪು ಗುರುತು ಬಂದಿತ್ತು. ಮಗ್ಗ ಬಿಡಸತಾರ ಅಂತ ಹೆದರಿ, ಅದು ನಿನ್ನ ಕಂಪ್ಯೂಟರಿಗೆ ಮುಟ್ಟೋದರೊಳಗ ಬಿಚ್ಚಿದೆ. ಮಂದೀನ ನಗಸಿದ್ದು ಅದನ್ನ ಮುಚ್ಚಾಕ. ಈಗ ಮತ್ತ ಕಟ್ಟಿಕೊಂಡೇನಿ. ನೀ ಬಂದು ಕಂಪ್ಯೂಟರ ತಗದಾಗ ಕೆಂಪು ಕಂಡರ, ಅದು ಮಗ್ಗ ಅಲ್ಲ, ನಾ.