ಕತ್ತರಿ ಬಾಡಿಗೆ ಐವತ್ತು

ಸೆಪ್ಟೆಂಬರ್ 21, ಮಧ್ಯಾಹ್ನ

ಈ ಊರಿಗೆ ದ್ರಾಕ್ಷಿ ತಂದವನೇ ನಾನು. ನಾನು ಕೈ ಹಾಕುವ ಮುಂಚೆ ಇಲ್ಲಿ ಬರೀ ಮುಳ್ಳು, ಕಲ್ಲು, ಹಾವು. ಇವತ್ತು ಬೆಳಗಿನ ರೈಲು ಇಳಿದ ಏಳು ಪ್ರವಾಸಿಗರಿಗೂ ಹೀಗೇ ಹೇಳಿದೆ. ಕನ್ನಡಕದವನೊಬ್ಬ, "ಅಂಕಲ್, ಆ ನೆಲಮಾಳಿಗೆ ಬಾಗಿಲ ಮೇಲೆ ಮುನ್ನೂರು ವರ್ಷದ ಹಿಂದಿನ ಇಸವಿ ಕೆತ್ತಿದೆಯಲ್ಲ" ಎಂದ. "ಅದು ಮನೆ ನಂಬರು" ಎಂದೆ. ಒಪ್ಪಿಕೊಂಡ. ಓದಿದವರನ್ನು ಒಪ್ಪಿಸುವುದು ಸುಲಭ.

ಟೈಯ ಬಸ್ಸು ಹತ್ತಿದರೆ ಸಾವಿರದ ಇನ್ನೂರು. ನನ್ನ ವ್ಯಾನಿನಲ್ಲಿ ನೂರು. ತೋರಿಸುವುದು ಅದೇ ಊರು. ನೀರಿನ ಟ್ಯಾಂಕಿನ ಮೆಟ್ಟಿಲು ಹತ್ತಿಸುತ್ತೇನೆ, ಕಣಿವೆ ಪೂರಾ ಕಾಣುತ್ತದೆ, ಪುಕ್ಕಟೆ. ಪೀಪಾಯಿ ಮಾಡುವ ಬಡಗಿಯ ಶೆಡ್ಡಿನ ಬಾಗಿಲಲ್ಲಿ ನಿಲ್ಲಿಸುತ್ತೇನೆ. ಪೀಪಾಯಿಯೊಳಗೆ ಬೆಂಕಿ ಹಾಕಿ ಹಲಗೆ ಬಗ್ಗಿಸುವುದನ್ನು ನೋಡಬಹುದು. ಬಡಗಿ ಬೈಯುತ್ತಾನೆ, ಅದೂ ಪುಕ್ಕಟೆ. ಆಮೇಲೆ ವೈನ್ ಅಂಗಡಿಗಳು. ಮೂರಕ್ಕೂ 'ಮೊದಲ ಗ್ಲಾಸು ಉಚಿತ' ಎಂಬ ಬೋರ್ಡು. ಮೂರು ಅಂಗಡಿ, ಮೂರು ಮೊದಲ ಗ್ಲಾಸು. ಕೊನೆಗೆ ಹೊಳೆ ದಂಡೆ. ಪೇಪರು ಹಾಸಿಕೊಂಡು ಕೂತರೆ ಯಾರ ಅಪ್ಪನದೇನು ಹೋಯಿತು.

ಟೈ ಅಂದರೆ ದೊಡ್ಡ ವೈನ್ ಕಾರ್ಖಾನೆಯ ಮಾಲೀಕ. ಬಿಸಿಲಲ್ಲೂ ಟೈ ಬಿಚ್ಚುವುದಿಲ್ಲ. ಮೂರು ಅಂಗಡಿಯೂ ಅವನದೇ. ನನ್ನ ವ್ಯಾನು ಕಂಡರೆ ಮುಖ ಗಂಟು ಹಾಕುತ್ತಾನೆ. ಆ ಗಂಟು ನೋಡಲಿಕ್ಕೇ ಎರಡು ಸಲ ಹಾರನ್ ಹೊಡೆದೆ.

ಸೆಪ್ಟೆಂಬರ್ 24

ಮನೆಯಲ್ಲಿ ಜಗಳ. ಮೊನ್ನೆ ಒಬ್ಬ ಗಿರಾಕಿ ಫೋಟೋ ತೆಗೆಯುವ ಭರದಲ್ಲಿ ತೋಟದ ನೀರಿನ ಪೈಪು ತುಳಿದು ಮುರಿದ. ಅದಕ್ಕೆ ಅಣ್ಣನ ಮಗಳು ಊಟದ ಹೊತ್ತಿಗೆ ಸರಿಯಾಗಿ ಶುರುಮಾಡಿದಳು.

"ಚಿಕ್ಕಪ್ಪ, ಇನ್ಮೇಲೆ ತೋಟಕ್ಕೆ ಕಾಲಿಡಬೇಡಿ."

"ನಿಮ್ಮಪ್ಪ ಇದ್ದಿದ್ರೆ ನನಗೆ ಹೀಗೆ ಅಂತಿದ್ನಾ?"

"ಅಪ್ಪ ಇದ್ದಿದ್ರೆ ಪೈಪಿನ ದುಡ್ಡೂ ವಸೂಲಿ ಮಾಡ್ತಿದ್ರು."

ಅಣ್ಣ ಹೋದ ಮೇಲೆ ತೋಟ ಇವಳದು. ನನಗೆ ಹಿಂದಿನ ಕೋಣೆ, ಎರಡು ಹೊತ್ತು ಊಟ. ದ್ರಾಕ್ಷಿಗೂ ಒಂದು ಕಾಲೇಜು ಇದೆಯಂತೆ, ಅಲ್ಲಿ ಓದಿ ಬಂದಿದ್ದಾಳೆ. ಮೇಡಂ! ನಾನು ಏಳನೇ ಕ್ಲಾಸು. ಮೇಷ್ಟ್ರು ಏಳಕ್ಕೇ ನಿಲ್ಲಿಸಿದ್ದು, ಮುಂದೆ ಕಲಿಸಲು ಅವರ ಹತ್ತಿರ ಏನೂ ಉಳಿದಿರಲಿಲ್ಲ ಅಂತ.

"ಹಾಗಿದ್ರೆ ನನ್ನ ಹತ್ರ ಮಾತೂ ಆಡಬೇಡ" ಎಂದೆ.

"ಸರಿ" ಎಂದಳು. ಎಷ್ಟು ಬೇಗ ಎಂದಳು!

ಅಕ್ಟೋಬರ್ 2

ಮಾತು ಬಿಟ್ಟು ಒಂದು ವಾರದ ಮೇಲಾಯಿತು. ಏನಿದ್ದರೂ ಅತ್ತಿಗೆಯ ಮೂಲಕ. ಇವತ್ತು ಅತ್ತಿಗೆಗೂ ಸಾಕಾಯಿತು.

"ನಿಮ್ಮಿಬ್ಬರ ಟಪಾಲು ಹೊರೋಕೆ ನನಗೇನು ಸಂಬಳ ಕೊಡ್ತೀರಾ? ಬಾಯಿ ಇದೆಯಲ್ಲ, ನೀವೇ ಮಾತಾಡ್ಕೊಳ್ಳಿ. ಅದರ ತಲೆ ಬಿಸಿ ಅದಕ್ಕೆ. ಸಿಹಿ ವೈನ್ ಮಾಡಿಕೊಡ್ತೀನಿ ಅಂತ ಕಾರ್ಖಾನೆಯವರ ಹತ್ರ ತೊಂಬತ್ತು ಸಾವಿರ ಮುಂಗಡ ತಗೊಂಡಿದೆ."

"ಟೈ ಹತ್ರಾನಾ?"

"ಹೂಂ. ಈ ವರ್ಷ ಕೊಡಲಿಲ್ಲ ಅಂದ್ರೆ ದುಡ್ಡು ವಾಪಸ್ ಕೊಡಬೇಕು. ಅದೂ ಆಗಲಿಲ್ಲ ಅಂದ್ರೆ ಮೇಲಿನ ಇಳಿಜಾರು ಅವರಿಗೆ. ನಿಮ್ಮಣ್ಣ ಕೈಯಾರೆ ನೆಟ್ಟ ಬಳ್ಳಿ ಇರೋದು ಅಲ್ಲೇ."

ನನಗೆ ನಗು ಬಂತು. ಸಿಹಿ ವೈನಿಗೆ ಏನು ಮಹಾ? ಎರಡು ಮೂಟೆ ಸಕ್ಕರೆ ಸುರಿದರಾಯಿತು. ನನ್ನನ್ನು ಕೇಳಿದ್ದರೆ ನಿಂತ ಕಾಲಲ್ಲಿ ಹೇಳುತ್ತಿದ್ದೆ. ಕೇಳಲಿಲ್ಲ. ಅನುಭವಿಸಲಿ.

ಅಕ್ಟೋಬರ್ 9

ಟೈ ಬೋರ್ಡು ಬದಲಿಸಿದ್ದಾನೆ. 'ಮೊದಲ ಗ್ಲಾಸು ಉಚಿತ — ನಮ್ಮ ಬಸ್ಸಿನ ಟಿಕೆಟ್ ಇದ್ದವರಿಗೆ ಮಾತ್ರ.' ಮೂರು ಅಂಗಡಿಯಲ್ಲೂ. ಒಳಗೆ ಹೋಗಿ ಕೇಳಿದೆ.

"ನಿಮ್ಮ ಜನ ಕುಡಿದು ಬಾಯಿ ಒರೆಸಿಕೊಂಡು ಹೋಗ್ತಾರೆ. ಒಂದು ಬಾಟಲಿ ಕೊಂಡಿದ್ದು ಕಾಣೆ" ಎಂದ. "ಸಾಲದ್ದಕ್ಕೆ ದಿನಾ ಅವರ ಜೊತೆ ನಿಮ್ಮದೂ ಒಂದು ಗ್ಲಾಸು."

"ಗೈಡ್ ಆದವನು ರುಚಿ ನೋಡದೆ ಹೇಗೆ ವಿವರಿಸೋದು?"

"ಹನ್ನೊಂದು ವರ್ಷದಿಂದ ನೋಡ್ತಾ ಇದ್ದೀರಿ. ಇನ್ನೂ ರುಚಿ ಗೊತ್ತಾಗಲಿಲ್ವಾ?"

ಅಂಗಡಿ ಹುಡುಗಿಯರು ಕಿಸಕ್ಕೆಂದರು. ನನ್ನ ಗಿರಾಕಿಗಳೂ. ರುಚಿ ನೋಡಿದ ವೈನ್ ಉಗುಳುವ ಬಕೆಟ್ಟು ಹತ್ತಿರದಲ್ಲೇ ಇತ್ತು, ಎತ್ತಿ ಆ ಟೈ ಮೇಲೆ ಸುರಿಯಬಹುದಿತ್ತು... ಸುಮ್ಮನೆ ಬಂದೆ. ದೊಡ್ಡವನಾದವನು ಸುಮ್ಮನೆ ಬರುತ್ತಾನೆ.

ಅಕ್ಟೋಬರ್ 26

ಎರಡು ವಾರ ಬರೆಯಲಿಲ್ಲ. ಬರೆಯುವಂಥದ್ದು ನಡೆದರೆ ತಾನೇ. ಇವತ್ತು ರೈಲಿನಿಂದ ಇಬ್ಬರು ಸಿಕ್ಕರು. ವೈನ್ ಇಲ್ಲ ಎಂದ ಕೂಡಲೇ ಒಬ್ಬ ನೂರು ವಾಪಸ್ ಕೇಳಿದ. ವೈನ್ ಊರಿಗೆ ಬಂದು ನೀರಿನ ಟ್ಯಾಂಕು ನೋಡಬೇಕಾ ಎಂದ. ಐವತ್ತು ಕೊಟ್ಟು ಓಡಿಸಿದೆ.

ಆದರೆ ಟ್ಯಾಂಕಿನ ಮೇಲಿಂದ ಒಂದು ಕಂಡಿತು. ಊರಿನ ಕೊಯ್ಲೆಲ್ಲ ಮುಗಿದಿದೆ. ಎಲ್ಲರ ಬಳ್ಳಿಯೂ ಬರಿದು. ನಮ್ಮ ಮೇಲಿನ ಇಳಿಜಾರಿನಲ್ಲಿ ಮಾತ್ರ ನಾಲ್ಕು ಸಾಲು ಹಾಗೇ ತೂಗುತ್ತಿವೆ. ಇಳಿದು ಹೋಗಿ ಬೇಲಿಯಾಚೆಯಿಂದ ನೋಡಿದೆ. ಗೊಂಚಲು ಗೊಂಚಲೇ ಸುಕ್ಕುಗಟ್ಟಿ, ಬೂದಿ ಬಣ್ಣದ ಬೂಷ್ಟು ಹಿಡಿದು, ಥೂ. ಸಾಲಿನ ತುದಿಯ ಕಂಬಗಳಿಗೆ ಕೆಂಪು ಪಟ್ಟಿ ಬೇರೆ ಕಟ್ಟಿದ್ದಾಳೆ. ಅಳತೆಗಿರಬೇಕು. ಮೇಡಂ ಕೊಯ್ಯುವುದನ್ನೇ ಮರೆತಿದ್ದಾಳೆ! ಇದಕ್ಕೆ ಕಾಲೇಜು!

ಟೈಯ ತೋಟದಲ್ಲಿ ಟೋಪಿ ಹಾಕಿಸಿ ಒಂದು ಗಂಟೆ ದ್ರಾಕ್ಷಿ ಕೊಯ್ಯಿಸಲು ಎರಡು ಸಾವಿರ ಕೀಳುತ್ತಾರೆ. ಕೂಲಿ ಮಾಡಿ ದುಡ್ಡು ಕೊಡುವ ಜನ ಇದ್ದಾರೆ, ನೋಡು. ನಾನು ಐವತ್ತಕ್ಕೆ ಮಾಡಿಸುತ್ತೇನೆ. ಪ್ರವಾಸ ನೂರು, ಕತ್ತರಿ ಬಾಡಿಗೆ ಐವತ್ತು. ಮೇಡಂ ಮಂಗಳವಾರ ಹಣ್ಣು ಹಿಂಡುವ ಯಂತ್ರದ ರಿಪೇರಿಗೆ ಪಕ್ಕದ ಊರಿಗೆ ಹೋಗುತ್ತಾಳೆ ಎಂದು ಅತ್ತಿಗೆ ಯಾರಿಗೋ ಫೋನಿನಲ್ಲಿ ಹೇಳುತ್ತಿದ್ದಳು.

ಅಕ್ಟೋಬರ್ 28, ಸಂಜೆ 5

ಎಂಟು ಮಂದಿ! ಸ್ಟೇಷನ್ನಿನಲ್ಲಿ "ನಿಮ್ಮ ಕೈಯಾರೆ ಕೊಯ್ಲು, ಬರೀ ಐವತ್ತು" ಎಂದು ಕೂಗಿದ್ದೇ ತಡ, ಟೈಯ ಬಸ್ಸಿನ ಸಾಲಿನಿಂದಲೇ ಮೂವರು ಇಳಿದು ಬಂದರು. ಡ್ರೈವರನ ಮುಖ ನೋಡಬೇಕಿತ್ತು.

ನಾಲ್ಕೂ ಸಾಲು ಬೋಳಿಸಿ ಹಾಕಿದೆವು. ಒಬ್ಬ ಹೆಂಗಸು, "ಅಂಕಲ್, ಇದು ಕೊಳೆತು ಹೋಗಿದೆ ಅಲ್ವಾ?" ಎಂದಳು.

"ಕೊಳೆತಿದ್ದು ತೆಗೆಯೋದೇ ಕೃಷಿ ತಾಯಿ. ಒಳ್ಳೇದನ್ನ ಯಾರು ಬೇಕಾದ್ರೂ ತೆಗೀತಾರೆ."

ಎಲ್ಲರೂ ತಲೆದೂಗಿದರು. ಒಬ್ಬ ಅದನ್ನು ಬರೆದುಕೊಂಡ. ಆ ಹೆಂಗಸು ಒಂದು ಹಣ್ಣು ಬಾಯಿಗೆ ಹಾಕಿ, "ಅಯ್ಯೋ, ಜೇನಿನ ಹಾಗಿದೆ" ಎಂದಳು. ಉಗುಳಿಸಿದೆ. ಹೊಟ್ಟೆ ಕೆಟ್ಟರೆ ನನ್ನ ಹೆಸರು ಕೆಡುತ್ತದೆ. ಬುಟ್ಟಿಗಳನ್ನೆಲ್ಲ ಮೇಕೆಯವನ ಗಾಡಿಗೆ ಸುರಿದೆವು. ಮೇಕೆಗಳು ಹಾಕಿದ ಮುಖ ಎತ್ತಲೇ ಇಲ್ಲ.

ಕತ್ತರಿ ಬಾಡಿಗೆ ನಾನೂರು. ಕೋಟಿನ ಒಳಜೇಬಿನಲ್ಲಿದೆ. ಮೇಡಂ ಬಂದು ನೋಡಲಿ ತೋಟ ಎಂದರೆ ಏನು ಅಂತ. ತಾನಾಗಿ ಒಂದು ಥ್ಯಾಂಕ್ಸ್ ಹೇಳಿದರೆ ಕ್ಷಮಿಸುತ್ತೇನೆ.

ಅದೇ ದಿನ, 7.30

ಬಂದಳು. ಹಾಡು ಗುನುಗುತ್ತಾ ಕಾಲು ತೊಳೆದಳು. ಗೋಡೆಯಾಚೆ ತಾಯಿ ಮಗಳ ಮಾತು.

"ಅಮ್ಮಾ, ಇನ್ನು ನಾಲ್ಕು ದಿನ ಬೆಳಿಗ್ಗೆ ಮಂಜು ಬಿದ್ರೆ ಸಾಕು. ಭಾನುವಾರ ಕೊಯ್ಯೋಣ. ಬೂಷ್ಟು ಎಲ್ಲಾ ಗೊಂಚಲಿಗೂ ಹತ್ತಿದೆ."

"ಬೂಷ್ಟು ಹತ್ತಿದ್ದನ್ನ ಯಾಕೆ ಕೊಯ್ಯೋದೇ?"

"ಅದೇ ಅಮ್ಮ ಸಿಹಿ. ಅದು ಹಣ್ಣಿನ ನೀರು ಹೀರಿಕೊಂಡು ಬರೀ ಸಕ್ಕರೆ ಉಳಿಸತ್ತೆ. ಅದು ಬರಲಿ ಅಂತಲೇ ಎರಡು ತಿಂಗಳು ಕಾದಿದ್ದು. ಅದಕ್ಕೇ ಅವರು ಅಷ್ಟು ಮುಂಗಡ ಕೊಟ್ಟಿದ್ದು."

ಊಟಕ್ಕೆ ಕರೆದರು. ಹೊಟ್ಟೆ ಸರಿ ಇಲ್ಲ ಎಂದೆ.

ಅಕ್ಟೋಬರ್ 29

ಬೆಳಗ್ಗೆ ತೋಟಕ್ಕೆ ಹೋದವಳು ಬೇಗ ಬಂದಳು. ಬೂಟು ಬಿಚ್ಚದೆ ಹೊಸ್ತಿಲ ಮೇಲೆ ಕೂತಳು. ಅಳಲಿಲ್ಲ. ಅತ್ತಿದ್ದರೆ ಏನಾದರೂ ಹೇಳಬಹುದಿತ್ತು.

"ಹಂದಿಯಲ್ಲ, ಹಕ್ಕಿಯಲ್ಲ. ಕತ್ತರಿ ಹಾಕಿ ಕೊಯ್ದಿದಾರೆ" ಎಂದಳು ತಾಯಿಗೆ.

ತಿಂಗಳ ಮೇಲೆ ಮೊದಲ ಸಲ ಅವಳ ಜೊತೆ ಮಾತಾಡಿದೆ. "ಟೈ ಇರಬೇಕು. ಇಳಿಜಾರಿನ ಮೇಲೆ ಅವನಿಗೆ ಕಣ್ಣು."

ಬಾಯಿಂದ ಬಂದುಬಿಟ್ಟಿತು. ಅವಳು ಎದ್ದು ನೇರ ಅವನ ಅಂಗಡಿಗೆ ಹೋಗಿ ಗಿರಾಕಿಗಳ ಎದುರಿಗೇ ಕಳ್ಳ ಎಂದಳಂತೆ. ಅವನು ಟೈ ಸರಿಮಾಡಿಕೊಂಡು ಹೇಳಿದನಂತೆ — ನವೆಂಬರ್ ಮೂವತ್ತರೊಳಗೆ ಮುಂಗಡ ವಾಪಸ್, ಇಲ್ಲದಿದ್ದರೆ ಇಳಿಜಾರು.

ಅವನಿಗೂ ಬೇಕಿತ್ತು ಬಿಡು, ನಾಲ್ಕು ಜನರೆದುರು. ಹಾಗಂತ ಬರೆದೆ. ಬರೆದದ್ದು ಓದಿದರೆ ಸಮಾಧಾನ ಆಗುತ್ತಿಲ್ಲ.

ನವೆಂಬರ್ 6

ರೈಲಿಗೆ ಹೋಗುತ್ತಿಲ್ಲ. ಸೊಂಟ ನೋವು ಎಂದಿದ್ದೇನೆ.

ಕಾಫಿ ಕುಡಿಯುವಾಗ ಮೇಡಂ ಬಂದು ತನ್ನ ಫೋನನ್ನು ನನ್ನ ಲೋಟದ ಪಕ್ಕ ಇಟ್ಟಳು. ಯಾರೋ ಬರೆದು ಹಾಕಿದ್ದಾರೆ. 'ಈ ವೈನ್ ಊರಿನಲ್ಲಿ ಕಡಿಮೆ ಖರ್ಚಿನಲ್ಲಿ ಮಾಡಬಹುದಾದ ಹತ್ತು ಸಂಗತಿಗಳು.' ಮೊದಲನೆಯದು: 'ಮೀಸೆ ಅಂಕಲ್ ಜೊತೆ ಕೊಳೆತ ದ್ರಾಕ್ಷಿ ತೆಗೆಯಿರಿ. ಕತ್ತರಿ ಬಾಡಿಗೆ ಬರೀ ಐವತ್ತು. ತಪ್ಪಿಸಿಕೊಳ್ಳಬೇಡಿ.' ಕೆಳಗೆ ಫೋಟೋ. ನಾನು. ಒಂದು ಕೈ ಮೀಸೆಯ ಮೇಲೆ, ಇನ್ನೊಂದರಲ್ಲಿ ಕತ್ತರಿ. ಹಿಂದೆ ಕೆಂಪು ಪಟ್ಟಿ ಕಟ್ಟಿದ ಕಂಬ.

ಟೈಯ ಬಸ್ಸು ಒಂಬತ್ತನೆಯದು. ಒಂದು ಗಳಿಗೆ ಹೆಮ್ಮೆಯಾಯಿತು, ಸುಳ್ಳೇಕೆ.

"ಫೋಟೋ ಚೆನ್ನಾಗಿ ಬಂದಿದೆ" ಎಂದಳು. ಅಷ್ಟೇ.

"ನೀವು ಯಾರೂ ಹೇಳಲಿಲ್ಲವಲ್ಲ ನನಗೆ" ಎಂದೆ ಅತ್ತಿಗೆಗೆ.

"ನೀನು ಕೇಳಿದ್ಯೇನಪ್ಪ?" ಅತ್ತಿಗೆ ನನ್ನ ಲೋಟ ಎತ್ತಿಕೊಂಡು ಹೋದಳು. ಅರ್ಧ ಕಾಫಿ ಇನ್ನೂ ಇತ್ತು.

ನವೆಂಬರ್ 7

"ಅಮ್ಮ, ಇವರ ತಟ್ಟೆ." ಚಿಕ್ಕಪ್ಪ ಹೋಗಿ 'ಇವರು' ಆದೆ.

ನವೆಂಬರ್ 23

ವ್ಯಾನು ಮಾರಿದೆ. ಊರಿನಲ್ಲಿ ಕೊಳ್ಳುವ ತಾಕತ್ತು ಇದ್ದವನು ಒಬ್ಬನೇ. ಕೈಕಟ್ಟಿ ನಿಲ್ಲಲಿಲ್ಲ. ಕುರ್ಚಿ ಕೊಡದೆ ಇದ್ದದ್ದಕ್ಕೆ ನಿಂತಿದ್ದೆ.

ಟೈ ವ್ಯಾನಿನ ಸುತ್ತ ಬಂದು ಚಕ್ರ ಒದ್ದು ನೋಡಿದ. "ಎಂಬತ್ತು ಸಾವಿರ ಬೆಲೆ ಬಾಳತ್ತೆ. ಎಪ್ಪತ್ತು ಕೊಡ್ತೀನಿ."

"ಹತ್ತು ಯಾಕೆ ಕಡಿಮೆ?"

"ಗಿರಾಕಿಗಳೆದುರು ಕಳ್ಳ ಅನ್ನಿಸಿಕೊಂಡೆನಲ್ಲ, ಅದರ ಬಾಬ್ತು."

ಚೌಕಾಸಿ ಮಾಡದೆ ಕೀಲಿ ಕೊಟ್ಟೆ. ಜನ್ಮದಲ್ಲಿ ಮೊದಲ ಸಲ. ಕಾಫಿ ಅಂಗಡಿಯಲ್ಲಿ ಎರಡು ಲಕ್ಷಕ್ಕೆ ಹೋಯಿತು ಎಂದೆ.

ನವೆಂಬರ್ 27

ದುಡ್ಡನ್ನು ಮೇಜಿನ ಮೇಲಿಟ್ಟೆ. ವ್ಯಾನಿನದು, ಟ್ರಂಕಿನ ಡಬ್ಬಿಯದು. ಡಬ್ಬಿಯಲ್ಲಿ ಲಕ್ಷವಿದೆ ಎಂದು ಅಣ್ಣನ ಕಾಲದಿಂದ ಹೇಳಿಕೊಂಡು ಬಂದಿದ್ದೆ. ಮೇಡಂ ಎಣಿಸಿದಳು. ಮತ್ತೊಮ್ಮೆ ಎಣಿಸಿದಳು.

"ಏಳು ಸಾವಿರದ ನಾನೂರು ಕಡಿಮೆ."

ಲಕ್ಷದ ಡಬ್ಬಿ ಎಲ್ಲಿ ಎಂದು ಯಾರೂ ಕೇಳಲಿಲ್ಲ. ಅತ್ತಿಗೆ ಒಳಗೆ ಹೋಗಿ ಬಟ್ಟೆಗಂಟು ತಂದಳು. ಉಳಿದದ್ದನ್ನು ಅವಳು ಹಾಕಿದಳು. ನನ್ನ ಕಡೆ ನೋಡದೆ ಹಾಕಿದಳು.

ದೊಡ್ಡ ಮಾತು ಒಂದು ಸಿದ್ಧ ಮಾಡಿಕೊಂಡಿದ್ದೆ. 'ದುಡ್ಡು ನನಗೆ ಹುಲ್ಲು' ಅಂತೇನೋ. ಮೇಡಂ ಆಗಲೇ ಎದ್ದು ಬೂಟು ಹಾಕುತ್ತಿದ್ದಳು.

ನವೆಂಬರ್ 29, ಸಂಜೆ

ಇಳಿಜಾರು ಉಳಿಯಿತು. ಟೈ ಮುಂಗಡದ ಕಾಗದ ಹರಿದು ಕೊಟ್ಟನಂತೆ. ತೋಟದ ಗೇಟಿಗೆ ಹೊಸ ಬೀಗ ಬಿದ್ದಿದೆ. ಹೊಸ ಬೀಗ ಯಾರಿಗೆ ಎಂದು ಕೇಳಬೇಕಾಗಿಲ್ಲ.

ಸ್ಟೇಷನ್ನಿನ ಕಡೆ ಹೋಗಿದ್ದೆ. ನನ್ನ ವ್ಯಾನಿಗೆ ಹಸಿರು ಬಣ್ಣ ಬಳಿದಿದ್ದಾರೆ. 'ಕಡಿಮೆ ಖರ್ಚಿನ ಟೂರ್ — ಇನ್ನೂರು.' ಟೈಯ ಡ್ರೈವರು ನನ್ನ ಜಾಗದಲ್ಲಿ ನಿಂತು, ಈ ಊರಿಗೆ ದ್ರಾಕ್ಷಿ ತಂದವರೇ ನಮ್ಮ ಯಜಮಾನರ ತಾತ ಎನ್ನುತ್ತಿದ್ದ. ಸುಳ್ಳ. ಜನ ತಲೆದೂಗುತ್ತಿದ್ದರು.

ಮನೆಗೆ ಬಂದರೆ ಮೇಡಂ ಬಾಗಿಲಲ್ಲಿ ನಿಂತಿದ್ದಳು.

"ನಾಳೆ ಬಳ್ಳಿ ಸವರೋದಿದೆ. ಆಳು ಸಿಗ್ತಿಲ್ಲ. ಆರು ಗಂಟೆಗೆ ಗೇಟ್ ಹತ್ರ ಬನ್ನಿ. ಎಲ್ಲರಿಗೂ ಕೊಡೋ ಕೂಲಿ ಕೊಡ್ತೀನಿ."

"ನಾನು ಕೂಲಿಗೆ? ನನಗೆ ಸವರೋದು ಹೇಗೆ ಅಂತ—"

"ಮಾತಾಡಿದ್ರೆ ಅರ್ಧ ಕೂಲಿ. ನಾನು ತೋರಿಸಿದ ಕಡ್ಡಿ ಬಿಟ್ಟು ಬೇರೆ ಕತ್ತರಿಸಿದ್ರೆ ಅದೂ ಇಲ್ಲ."

ಬಾಯಿ ಮುಚ್ಚಿಕೊಂಡೆ. ಅಭ್ಯಾಸ ಈಗಿಂದಲೇ ಆಗಲಿ.

ಸ್ಟೇಷನ್ನಿನಿಂದ ಬರುವಾಗ ಕಾಫಿ ಅಂಗಡಿಯವನು ಕೇಳಿದ್ದ, ಈ ದ್ರಾಕ್ಷಿ ಗಲಾಟೆಯಲ್ಲಿ ಒಟ್ಟು ಎಷ್ಟು ಕೈಬಿಟ್ಟಿತು ಯಜಮಾನರೇ ಅಂತ. ಐದು ಸಾವಿರ ಎಂದೆ, ಚಿಲ್ಲರೆ ಎಂದೆ. ಇಲ್ಲಿ ಓದುವವರು ಯಾರೂ ಇಲ್ಲ. ಎಂಬತ್ತೆರಡು ಸಾವಿರದ ಆರುನೂರು. ಅತ್ತಿಗೆಯ ಏಳು ಸಾವಿರದ ನಾನೂರು ಬೇರೆ, ಅದು ಸಾಲ. ಕತ್ತರಿ ಬಾಡಿಗೆಯ ನಾನೂರು ಇನ್ನೂ ಕೋಟಿನ ಒಳಜೇಬಿನಲ್ಲೇ ಇದೆ. ಖರ್ಚು ಮಾಡಲು ಕೈ ಬರುತ್ತಿಲ್ಲ. ನಾಳೆ ಆರಕ್ಕೆ ಗೇಟಿನ ಹತ್ತಿರ, ಮಾತಾಡದೆ, ಅವಳ ಕೈಗೆ ಇಡುತ್ತೇನೆ.