ಅಕ್ಕ ಓದಿದ ಕೊಲೆಗಳು

ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಸೋಮವಾರ ನಮ್ಮ ಬೈಂಡಿಂಗ್ ಅಂಗಡಿಗೆ ಹಳೆಯ ಲೈಬ್ರರಿಯೊಂದರ ಮೂಟೆ ಬಂತು. ಬಿಚ್ಚಿದರೆ ತೊಂಬತ್ತರ ದಶಕದ ಆ ಭಯಾನಕ ಕಾದಂಬರಿಗಳು, ನೀನು ಹೈಸ್ಕೂಲಿನಲ್ಲಿದ್ದಾಗ ನನಗೆ ಓದಿ ಹೇಳುತ್ತಿದ್ದವು. ರಕ್ತ ಸೋರುವ ಅಕ್ಷರ, ಫೋನು ಹಿಡಿದು ಕಿರುಚುವ ಹುಡುಗಿ, ಎಲ್ಲ ಹಾಗೇ ಇವೆ. ಹೊಲಿಗೆ ಬಿಟ್ಟು ಓದುತ್ತ ಕೂತೆ. ನಗು ತಡೆಯಲಾಗಲಿಲ್ಲ. ಮನೆಯೊಳಗೇ ಕೊಲೆಗಾರನಿದ್ದಾನೆಂದು ಗೊತ್ತಿದ್ದೂ ಒಬ್ಬೊಬ್ಬರೇ ನೆಲಮಾಳಿಗೆಗೆ ಇಳಿಯುತ್ತಾರಲ್ಲ, ಈ ಹುಡುಗಿಯರ ತಲೆಯಲ್ಲಿ ಏನಿತ್ತೋ!

ನನಗೆ ಬಾಯಿಪಾಠವಾಗಿದ್ದ ಪುಟಗಳನ್ನು ಹುಡುಕಿದೆ. ಜಡೆ ಹಿಡಿದು ಅಡುಗೆಮನೆ ತುಂಬ ಎಳೆದಾಡುವುದು, ತಲೆಯನ್ನು ಗೋಡೆಗೆ ಬಡಿಯುವುದು, ಹಲ್ಲು ಉದುರಿ ನೆಲದ ಮೇಲೆ ಉರುಳುವುದು. ಯಾವ ಪುಸ್ತಕದಲ್ಲೂ ಇಲ್ಲ. ಇವುಗಳಲ್ಲಿ ಬಾಗಿಲು ಕಿರುಗುಟ್ಟುತ್ತದೆ, ದೀಪ ಆರುತ್ತದೆ, ಅಧ್ಯಾಯ ಮುಗಿಯುತ್ತದೆ. ಅಷ್ಟೆ.

ಮೊನ್ನೆ ನಿನ್ನ ಮಗಳು ಫೋನು ಮಾಡಿದ್ದಳು. ತಮ್ಮನಿಗೆ ದಿನಾ ಜೋರಾಗಿ ಕಥೆ ಓದುತ್ತಾಳಂತೆ. ಯಾವ ಪುಸ್ತಕ ಪುಟ್ಟಿ ಎಂದು ಕೇಳಿದೆ. ಪುಸ್ತಕ ಎಲ್ಲಿದೆ ಚಿಕ್ಕಮ್ಮ, ಅಪ್ಪ ಹೊಡೆಯೋಕೆ ಶುರು ಮಾಡಿದ ಕೂಡ್ಲೇ ನಾನೂ ಶುರು ಮಾಡ್ತೀನಿ, ಅಮ್ಮನೇ ಹೇಳ್ಕೊಟ್ಟಿದ್ದು ಎಂದಳು.

ಕೈಯಲ್ಲಿದ್ದ ಸೂಜಿ ಬೆರಳಿಗೆ ಇಳಿಯಿತು. ಆಚೆ ಕೋಣೆಯಲ್ಲಿ ಅಪ್ಪ ಅಮ್ಮನನ್ನು ಬಡಿಯುತ್ತಿದ್ದರೆ, ನೀನು ಪ್ರತಿ ಏಟಿಗೂ ಒಂದು ವಾಕ್ಯ ಸೇರಿಸಿ ಗಂಟಲು ಹರಿಯುವಂತೆ ಓದುತ್ತಿದ್ದೆ. ನಾನು ಕಂಬಳಿಯೊಳಗಿಂದ, ಇನ್ನೊಂದು ಏಟು ಹಾಕ್ಸು ಅಕ್ಕಾ ಎಂದು ಚಪ್ಪಾಳೆ ತಟ್ಟುತ್ತಿದ್ದೆ. ಅಮ್ಮನ ಎಡಗಿವಿ ಹೋದದ್ದು ಜ್ವರಕ್ಕೆ ಎಂದು ಇಷ್ಟು ವರ್ಷ ನಂಬಿದ್ದೆ.

ನಿನ್ನ ಮಣಿಕಟ್ಟು ಮುರಿದದ್ದಕ್ಕೆ ಬಚ್ಚಲಲ್ಲಿ ಜಾರಿದೆ ಅಂದಿದ್ದೆ ನೀನು. ಹುಬ್ಬಿನ ಹೊಲಿಗೆಗೆ ಕಪಾಟಿನ ಬಾಗಿಲು ತಾಗಿತು ಅಂದಿದ್ದೆ. ಕಥೆ ಕಟ್ಟುವುದರಲ್ಲಿ ನಿನ್ನನ್ನು ಮೀರಿಸುವವರಿಲ್ಲ. ಸಾಕು ಮಾಡು. ಉಟ್ಟ ಬಟ್ಟೆಯಲ್ಲೇ ಹೊರಟು ಬಾ. ಅಂಗಡಿಯ ಮೇಲಿನ ಕೋಣೆ ಖಾಲಿ ಮಾಡಿಸಿದ್ದೇನೆ. ಬಾವ ಹುಡುಕಿಕೊಂಡು ಬಂದರೆ ಬರಲಿ, ಕಾಗದ ಕತ್ತರಿಸುವ ಬ್ಲೇಡನ್ನು ಬೆಳಿಗ್ಗೆಯಷ್ಟೇ ಸಾಣೆ ಹಿಡಿಸಿದ್ದೇನೆ. ಇದು ತಮಾಷೆಯಲ್ಲ.

ನಿನ್ನ ದಾರಿ ಕಾಯುತ್ತಿರುವ
ತಂಗಿ

ತಾ.ಕ.: ಮಕ್ಕಳು ಸ್ಕೂಲಿನಿಂದ ಬರಲಿಲ್ಲವೆಂದು ಗಾಬರಿಯಾಗಬೇಡ. ಊಟದ ಬಿಡುವಿನಲ್ಲಿ ನಾನೇ ಕರೆದುಕೊಂಡು ಬಂದೆ, ಇಬ್ಬರೂ ಇಲ್ಲಿ ರಟ್ಟಿನ ರಾಶಿಯ ಮೇಲೆ ಮಲಗಿದ್ದಾರೆ. ಈ ಕಾಗದವನ್ನು ನಿಮ್ಮ ಪಕ್ಕದ ಮನೆ ಟೀಚರ್ ನಿನ್ನ ಕೈಗೇ ಕೊಡುತ್ತಾರೆ. ಮಕ್ಕಳು ಎಲ್ಲಿ ಎಂದು ಅವನು ಸಂಜೆ ಕೇಳುವಾಗ ಆ ಮನೆಯಲ್ಲಿ ನೀನೊಬ್ಬಳೇ ಇರುತ್ತೀಯ. ಅದು ಗೊತ್ತಿದ್ದೇ ಹೀಗೆ ಮಾಡಿದೆ. ಬೇರೆ ಯಾವುದಕ್ಕೂ ನೀನು ಹೊಸ್ತಿಲು ದಾಟುವವಳಲ್ಲ.