ಕಣ್ಣಿಗೆ ಮಾತ್ರ ಕಪ್ಪು ಪಟ್ಟಿ

ಬುಧವಾರ, ಜೂನ್ ೧೨

ಹಲ್ಲಿನ ಡಾಕ್ಟರಮ್ಮನವರಿಗೆ,

‘ಪ್ರೀತಿಯ ಅಕ್ಕಾ’ ಎಂದು ಬರೆದು ಹೊಡೆದುಹಾಕಿದ್ದೇನೆ. ಇಂಗ್ಲಿಷಿನಲ್ಲಿ ಬೈದರೆ ನಿನಗೆ ನಾಟುವುದಿಲ್ಲ, ಅದಕ್ಕೇ ಕನ್ನಡ. ತಪ್ಪಿದ್ದರೆ ತಿದ್ದಿಕೊಂಡು ಓದು.

ಮದುವೆಯಾಗಿ ಇಪ್ಪತ್ತಾರು ದಿನ. ಎಷ್ಟು ಖುಷಿಯಾಗಿದ್ದೆ ಗೊತ್ತೇ! ಇವರು ಶೇವ್ ಮಾಡುವಾಗ ಹಾಡುವುದನ್ನು ಕೇಳಲೆಂದೇ ಬಾಗಿಲ ಹಿಂದೆ ನಿಲ್ಲುತ್ತಿದ್ದೆ. ‘ನಮ್ಮಕ್ಕ ಎಷ್ಟು ಫೇಮಸ್ ನೋಡಿ’ ಎಂದು ಅತ್ತೆಯ ಫೋನಿನಲ್ಲಿ ನಿನ್ನ ಪೇಜನ್ನು ಫಾಲೋ ಮಾಡಿಸಿದವಳೂ ನಾನೇ, ಪೆದ್ದಿ.

ಭಾನುವಾರ ತಿಂಡಿಯ ಹೊತ್ತಿಗೆ ಅತ್ತೆ ಫೋನನ್ನು ನನ್ನ ತಟ್ಟೆಯ ಪಕ್ಕ ಇಟ್ಟು, “ಇದು ನಿನ್ನ ಬಾಯಲ್ವೇನಮ್ಮಾ?” ಎಂದರು. ನಿನ್ನ ಪೇಜಿನಲ್ಲಿ ಎರಡು ಫೋಟೊ: ಶಾಲೆಗೆ ಹೋಗುವಾಗ ಬಿದ್ದು ಕಳೆದುಕೊಂಡ ಮುಂದಿನ ಹಲ್ಲನ್ನು ಇಷ್ಟು ವರ್ಷ ಮರೆಸಿದ್ದ ಕಟ್ಟುಹಲ್ಲು ತೆಗೆದಿಟ್ಟ ನನ್ನ ಬೊಚ್ಚು ಬಾಯಿ ಒಂದು, ನೀನು ಹೊಸ ಹಲ್ಲು ಕೂರಿಸಿದ ಬಾಯಿ ಇನ್ನೊಂದು. ಕಣ್ಣಿಗೆ ಮಾತ್ರ ಕಪ್ಪು ಪಟ್ಟಿ! ಮೇಲ್ತುಟಿಯ ಮಚ್ಚೆ ಊರಿಗೆಲ್ಲ ಕಾಣುತ್ತಿದೆ. ಕೆಳಗೆ ನಿನ್ನ ಕ್ಯಾಪ್ಷನ್: ‘ಮದುವೆಗೆ ಹದಿನೈದೇ ದಿನ. ಹುಡುಗನಿಗೆ ಗೊತ್ತಿಲ್ಲ!’ ಪಕ್ಕದಲ್ಲಿ ಮೂರು ನಗುವ ಮುಖಗಳು.

ಆ ಮಾತನ್ನು ನಾನು ಹೇಳಿದ್ದು ನಿನ್ನ ಕುರ್ಚಿಯಲ್ಲಿ, ಅರ್ಧ ಬಾಯಿ ಮರಗಟ್ಟಿ ಮಲಗಿದ್ದಾಗ. ಬೇಲಿಯೇ ಎದ್ದು ಹೊಲ ಮೇಯುತ್ತದೆ ಎಂದು ಯಾರು ಕಂಡಿದ್ದರು? ಫೋನ್ ಮಾಡಿದರೆ, “ಹೆಸರು ಹಾಕಿಲ್ವಲ್ಲೇ, ನಿಂಗ್ಯಾಕೆ ಉರಿ? ಜನ ಕಲೀಲಿ ಅಂತ ಹಾಕಿದ್ದು” ಅಂದೆ. ಏನು ಕಲಿತರು? ‘ಪಾಪ, ಬಕರಾ ಗಂಡ’ ಎಂದು ಯಾರೋ ಬರೆದದ್ದಕ್ಕೆ ನೀನು ಹಾರ್ಟ್ ಒತ್ತಿದ್ದೀಯ! ಗುರುತು ಪರಿಚಯವಿಲ್ಲದ ರೋಗಿಯಾಗಿದ್ದರೆ ಒಪ್ಪಿಗೆಯನ್ನಾದರೂ ಕೇಳುತ್ತಿದ್ದೆಯೇನೋ. ತಂಗಿ ತಾನೇ, ಮನೆಯ ಸೊತ್ತು!

ಇವರು ನಕ್ಕುಬಿಟ್ಟರು. ಬಂಗಾರದಂಥ ಮನುಷ್ಯ! ನೀನು ಬಚಾವಾದೆ.

ಇವತ್ತೇ ಅದನ್ನು ತೆಗೆ. ಮಚ್ಚೆ ಮುಚ್ಚುತ್ತೇನೆ, ಕ್ಯಾಪ್ಷನ್ ಬದಲಿಸುತ್ತೇನೆ ಎಂಬ ನಾಟಕ ಬೇಡ. ಅಮ್ಮನ ಕೈಲಿ ಫೋನ್ ಮಾಡಿಸಲೂ ಬೇಡ. ಹಲ್ಲು ಸ್ವಲ್ಪ ಅಲುಗಾಡುತ್ತಿದೆ. ಬೇರೆ ಡಾಕ್ಟರನ್ನು ಹುಡುಕಿಕೊಳ್ಳುತ್ತೇನೆ.

ಇಂತಿ,
ನಿನ್ನ ಪೇಷೆಂಟ್
(ತಂಗಿ ಎಂದು ಬರೆಯಲು ಕೈ ಬರಲಿಲ್ಲ)

ವಿ.ಸೂ.: ಇವರು ನಕ್ಕರು ಎಂದದ್ದು ಸುಳ್ಳು. ಭಾನುವಾರದಿಂದ ಶೇವ್ ಮಾಡುವಾಗ ಹಾಡಿಲ್ಲ. ಇಂದು ಬೆಳಿಗ್ಗೆ ಟವೆಲ್ ಮಡಚುತ್ತ, ನನ್ನ ಮುಖ ನೋಡದೆ ಹೇಳಿದರು: “ಇನ್ನೇನಾದ್ರೂ ಇದ್ರೆ ನೀನೇ ಹೇಳ್ಬಿಡು. ಅಮ್ಮನ ಫೋನಲ್ಲಿ ನೋಡೋ ಹಾಗೆ ಮಾಡ್ಬೇಡ.”